ಲ್ಯಾಬಿನ ಬಿಡುವಿನ ಜಿಪಿಯುಗಳನ್ನು ಗ್ರಿಡ್‌ಗೆ ಕಟ್ಟುವುದು ಹೇಗೆ?

ಕಾಲೇಜಿನ ಲ್ಯಾಬಿನಲ್ಲಿ 12 ಡೆಸ್ಕ್‌ಟಾಪ್, ಪ್ರತಿಯೊಂದರಲ್ಲೂ ಒಂದು ಎನ್ವಿಡಿಯಾ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಇದೆ ಎಂದುಕೊಳ್ಳಿ. ಸಂಜೆ ಬೀಗ ಬಿದ್ದರೆ ಬೆಳಗಿನವರೆಗೆ ಅವಕ್ಕೆ ಕೆಲಸವಿಲ್ಲ. ಇವನ್ನು ಒಂದು ಗ್ರಿಡ್ (ಜಾಲದಲ್ಲಿ ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪು) ಮಾಡಿ ಎಲ್ಲ ವಿಭಾಗಗಳಿಗೂ ಹಂಚಲು ಎಚ್‌ಟಿಕಾಂಡರ್ (ಚಿಕ್ಕದಾಗಿ ಕಾಂಡರ್) ಸಾಕು. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯ 1980ರ ದಶಕದಿಂದ ಬೆಳೆಸಿಕೊಂಡು ಬಂದ ಈ ಉಚಿತ ತಂತ್ರಾಂಶ ಹುಟ್ಟಿದ್ದೇ ಸುಮ್ಮನೆ ಕುಳಿತ ಕಂಪ್ಯೂಟರುಗಳನ್ನು ದುಡಿಸಲು.

ಮೊದಲು ಪಾತ್ರ ಹಂಚಿ. ಒಂದು ಯಂತ್ರ ಸೆಂಟ್ರಲ್ ಮ್ಯಾನೇಜರ್ (ಯಾವ ಕೆಲಸ ಯಾವ ಯಂತ್ರಕ್ಕೆ ಎಂದು ಹೊಂದಿಸುವುದು), ಇನ್ನೊಂದು ಜಾಬ್, ಅಂದರೆ ಓಡಿಸಬೇಕಾದ ಕೆಲಸ, ಸಲ್ಲಿಸಲು. ಇವೆರಡಕ್ಕೂ ಜಿಪಿಯು ಬೇಡ, ಹಳೆಯ ಡೆಸ್ಕ್‌ಟಾಪ್ ನಡೆಯುತ್ತದೆ. ಜಿಪಿಯು ಇರುವವೆಲ್ಲ ಎಕ್ಸಿಕ್ಯೂಟ್ ಯಂತ್ರಗಳು, ಅಂದರೆ ಜಾಬ್ ಓಡಿಸುವವು. ಇನ್‌ಸ್ಟಾಲ್ ಮಾಡುವಾಗ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಕೊಡಿ, ಫೈರ್‌ವಾಲ್‌ನಲ್ಲಿ 9618ನೇ ಟಿಸಿಪಿ ಪೋರ್ಟ್ ತೆರೆಯಿರಿ.

ಎಕ್ಸಿಕ್ಯೂಟ್ ಯಂತ್ರದಲ್ಲಿ ಮೊದಲು ಡ್ರೈವರ್, ಆಮೇಲೆ ಕಾಂಡರ್. ‘ಎನ್ವಿಡಿಯಾ-ಎಸ್‌ಎಂಐ’ ಆದೇಶ ಕಾರ್ಡನ್ನು ತೋರಿಸಿದ ಬಳಿಕವೇ ಕಾನ್ಫಿಗ್ ಫೈಲಿನಲ್ಲಿ ‘ಯೂಸ್ ಫೀಚರ್ : ಜಿಪಿಯುಸ್’ ಎಂಬ ಸಾಲು ಸೇರಿಸಿ. ಇಷ್ಟಕ್ಕೆ ರೀಕಾನ್ಫಿಗ್ (ಕಾನ್ಫಿಗ್ ಫೈಲನ್ನು ಮತ್ತೆ ಓದಿಸುವುದು) ಸಾಲದು, ಕಾಂಡರನ್ನೇ ರೀಸ್ಟಾರ್ಟ್ ಮಾಡಬೇಕು. ಜಿಪಿಯು ಹುಡುಕುವ ‘ಕಾಂಡರ್_ಜಿಪಿಯು_ಡಿಸ್ಕವರಿ’ ಆದೇಶ ಸೊನ್ನೆ ಎಂದರೆ ತಪ್ಪು ಬಹುಪಾಲು ಡ್ರೈವರಿನದು. ಡ್ರೈವರ್ ಅಪ್‌ಡೇಟ್ ಆಗಿ ಯಂತ್ರ ರೀಬೂಟ್ ಆಗದಿದ್ದರೂ ಹೀಗಾಗುತ್ತದೆ.

ಇನ್ನು ನಿಜವಾದ ತಲೆನೋವು: ಹಗಲಲ್ಲಿ ವಿದ್ಯಾರ್ಥಿ ಬಂದು ಕೀಬೋರ್ಡ್ ಮುಟ್ಟಿದಾಗ ಏನಾಗಬೇಕು? ‘ಯೂಸ್ ಪಾಲಿಸಿ : ಡೆಸ್ಕ್‌ಟಾಪ್’ ಹಾಕಿದರೆ ಕೀಬೋರ್ಡ್ 15 ನಿಮಿಷ ಸುಮ್ಮನಿದ್ದ ಮೇಲೆ ಜಾಬ್ ಶುರುವಾಗುತ್ತದೆ, ಯಾರಾದರೂ ಬಂದರೆ ತಡೆಹಿಡಿಯಲ್ಪಡುತ್ತದೆ. ಸಿಪಿಯು ಕೆಲಸಕ್ಕೆ ಇದು ಸರಿ. ಜಿಪಿಯು ವಿಷಯದಲ್ಲಿ ತಡೆಹಿಡಿದ ಜಾಬ್ ಕಾರ್ಡಿನ ಮೆಮೊರಿಯನ್ನು ಬಿಟ್ಟುಕೊಡುವುದಿಲ್ಲ. ಕುಳಿತ ವಿದ್ಯಾರ್ಥಿಯ ಪ್ರೋಗ್ರಾಂ ‘ಔಟ್ ಆಫ್ ಮೆಮೊರಿ’ ಎಂದು ಬೀಳುತ್ತದೆ. ಹಾಗಾಗಿ ‘ವಾಂಟ್_ಸಸ್ಪೆಂಡ್’ ಅನ್ನು ‘ಫಾಲ್ಸ್’ ಮಾಡಿ, ಜಾಬನ್ನು ಹೊರಗೇ ಕಳಿಸಿಬಿಡಿ. ಇದಕ್ಕೆ ಬೆಲೆಯೂ ಇದೆ: ಎಐ ಮಾದರಿಯ ತರಬೇತಿ ಕೋಡ್ ಆಗಾಗ್ಗೆ ಚೆಕ್‌ಪಾಯಿಂಟ್ (ಅಲ್ಲಿಯವರೆಗಿನ ಪ್ರಗತಿ) ಉಳಿಸಬೇಕು, ಜಾಬಿನ ವಿವರ ಬರೆಯುವ ಸಬ್ಮಿಟ್ ಫೈಲಿನಲ್ಲಿ ‘ವೆನ್_ಟು_ಟ್ರಾನ್ಸ್‌ಫರ್_ಔಟ್‌ಪುಟ್ = ಆನ್_ಎಕ್ಸಿಟ್_ಆರ್_ಎವಿಕ್ಟ್’ ಇರಬೇಕು. ಇಲ್ಲದಿದ್ದರೆ ರಾತ್ರಿಯಿಡೀ ನಡೆದ ಕೆಲಸ ಬೆಳಿಗ್ಗೆ ಮೊದಲಿನಿಂದ ಆರಂಭ.

ಲಿನಕ್ಸ್‌ನಲ್ಲಿ ಯುಎಸ್‌ಬಿ ಕೀಬೋರ್ಡ್ ಚಲನೆ ಕಾಂಡರ್‌ಗೆ ತಾನಾಗಿ ತಿಳಿಯದು. ಅದನ್ನು ಗಮನಿಸುವ ‘ಕಾಂಡರ್_ಕೆಬಿಡಿಡಿ’ ಪ್ರೋಗ್ರಾಂ ಓಡುತ್ತಿರದಿದ್ದರೆ ಮೇಲಿನ ಪಾಲಿಸಿ ಹೆಸರಿಗಷ್ಟೇ.

ಜಾಬ್ ಕಳಿಸುವವರು ‘ರಿಕ್ವೆಸ್ಟ್_ಜಿಪಿಯುಸ್ = 1’ ಎಂದು ಬರೆಯಲಿ; ದೊಡ್ಡ ಮಾದರಿಯಾದರೆ ‘ಜಿಪಿಯುಸ್_ಮಿನಿಮಮ್_ಮೆಮೊರಿ = 8000’ ಎಂದೂ ಸೇರಿಸಲಿ (ಲೆಕ್ಕ ಮೆಗಾಬೈಟ್‌ಗಳಲ್ಲಿ). ಹಂಚಿದ ಡಿಸ್ಕ್ ಬೇಕಿಲ್ಲ, ಫೈಲುಗಳನ್ನು ಕಾಂಡರೇ ಸಾಗಿಸುತ್ತದೆ. ಆದರೆ 50 ಜಿಬಿ ದತ್ತಾಂಶ 1 ಗಿಗಾಬಿಟ್ ಜಾಲದಲ್ಲಿ ಸಾಗಲು ಏಳು ನಿಮಿಷವಾದರೂ ಬೇಕು. ಹನ್ನೆರಡೂ ಜಾಬ್ ಸಲ್ಲಿಸುವ ಯಂತ್ರದಿಂದ ಒಟ್ಟಿಗೆ ಹೊರಟರೆ ಒಂದೂವರೆ ಗಂಟೆ ಸಾಗಣೆಗೇ ಹೋಗುತ್ತದೆ. ದೊಡ್ಡ ದತ್ತಾಂಶವನ್ನು ಯಂತ್ರಗಳಲ್ಲಿ ಮೊದಲೇ ಇಟ್ಟುಬಿಡುವುದು ಮೇಲು.

ಜಾಬ್ ‘ಐಡಲ್’ (ಯಂತ್ರ ಸಿಗದೆ ಕಾಯುತ್ತಿದೆ) ಎಂದೇ ಕುಳಿತಿದ್ದರೆ ‘ಕಾಂಡರ್_ಕ್ಯೂ -ಬೆಟರ್-ಅನಲೈಜ್’ ಜೊತೆಗೆ ಜಾಬ್ ಸಂಖ್ಯೆ ಕೊಡಿ. ಕೇಳಿದ ಯಾವ ಷರತ್ತಿಗೆ ಎಷ್ಟು ಯಂತ್ರ ಹೊಂದಿದವು ಎಂದು ಅದು ಸಾಲುಸಾಲಾಗಿ ತೋರಿಸುತ್ತದೆ; ಸೊನ್ನೆ ಕಂಡ ಸಾಲನ್ನು ಮೊದಲು ತಿದ್ದಿ.