ನೆಟ್ ನಿಧಾನವೇ? ಪ್ಯಾಕೇಜ್ ಬದಲಿಸುವ ಮೊದಲು ಅಳೆದು ನೋಡಿ

ಮನೆಗೆ 100 ಎಂಬಿಪಿಎಸ್ ಸಂಪರ್ಕ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ 94 ತೋರಿಸುತ್ತದೆ. ಆದರೂ ವಿಡಿಯೊ ಕಾಲ್‌ನಲ್ಲಿ ಚಿತ್ರ ನಿಂತಲ್ಲೇ ನಿಲ್ಲುತ್ತದೆ, ಮಾತು ತುಂಡು ತುಂಡಾಗಿ ಬರುತ್ತದೆ. ಇನ್ನೂ ದೊಡ್ಡ ಪ್ಯಾಕೇಜ್ ಹಾಕಿಸಿದರೆ ಸರಿಹೋದೀತು ಎಂದು ದುಡ್ಡು ಕಟ್ಟಿದ ಮೇಲೂ ಕಾಲ್ ಹಾಗೆಯೇ ತುಂಡಾಗುವುದುಂಟು. ಸ್ಪೀಡ್ ಟೆಸ್ಟ್‌ನ ಆ ದೊಡ್ಡ ಅಂಕಿ ನೆಟ್‌ವರ್ಕ್‌ನ ಒಂದು ಗುಣವನ್ನಷ್ಟೇ ಅಳೆಯುತ್ತದೆ. ಕಾಲ್ ಕೆಡಿಸುವುದು ಬೇರೆ ಗುಣಗಳು. ಅವುಗಳನ್ನು ಅಳೆಯಲು ಬೇಕಾದ ಉಪಕರಣ ಎಲ್ಲ ಕಂಪ್ಯೂಟರ್‌ಗಳಲ್ಲೂ ಈಗಾಗಲೇ ಇದೆ. ಒಂದು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಹಂತ 1: ಪದಗಳನ್ನು ಬಿಡಿಸಿಕೊಳ್ಳಿ

ಬ್ಯಾಂಡ್‌ವಿಡ್ತ್ ಎಂದರೆ ಒಂದು ಸೆಕೆಂಡಿನಲ್ಲಿ ಸಂಪರ್ಕದೊಳಗೆ ಹಿಡಿಸುವ ಗರಿಷ್ಠ ದತ್ತಾಂಶ. ಲೇಟೆನ್ಸಿ ಎಂದರೆ ಒಂದು ಪ್ಯಾಕೆಟ್ (ದತ್ತಾಂಶದ ಪುಟ್ಟ ತುಂಡು) ಹೋಗಿ ಅದರ ಉತ್ತರ ಮರಳಿ ಬರಲು ಹಿಡಿಯುವ ಸಮಯ. ನಾಲೆ ಎಷ್ಟು ಅಗಲ ಎಂಬುದು ಬ್ಯಾಂಡ್‌ವಿಡ್ತ್. ತೂಬು ಎತ್ತಿದ ಮೇಲೆ ಕೊನೆಯ ಗದ್ದೆಗೆ ನೀರು ಮುಟ್ಟಲು ಎಷ್ಟು ಹೊತ್ತು ಎಂಬುದು ಲೇಟೆನ್ಸಿ. ನಾಲೆಯನ್ನು ಅಗಲ ಮಾಡಿದ ಮಾತ್ರಕ್ಕೆ ಕೊನೆಯ ಗದ್ದೆ ಹತ್ತಿರ ಬರುವುದಿಲ್ಲ.

ಥ್ರೂಪುಟ್ ಎಂದರೆ ನಿಜವಾಗಿ ಕೈಗೆ ಸಿಗುವ ವೇಗ. ಇದು ಯಾವಾಗಲೂ ಬ್ಯಾಂಡ್‌ವಿಡ್ತ್‌ಗಿಂತ ಕಡಿಮೆ. ಪ್ರತಿ ಪ್ಯಾಕೆಟ್‌ಗೂ ವಿಳಾಸ, ಲೆಕ್ಕಪತ್ರದ ಹೊರೆ ಇರುವುದರಿಂದ 100 ಎಂಬಿಪಿಎಸ್ ಈಥರ್ನೆಟ್‌ನಲ್ಲಿ 94ರ ಆಸುಪಾಸು ಸಿಕ್ಕಿತೆಂದರೆ ಅದು ಪೂರ್ತಿ ಸಿಕ್ಕಂತೆಯೇ. ಪ್ಯಾಕೇಜಿನ ಅಂಕಿ ಬಿಟ್‌ನಲ್ಲಿರುತ್ತದೆ, ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಸಾಮಾನ್ಯವಾಗಿ ಬೈಟ್‌ನಲ್ಲಿ ಎಂಬುದೂ ನೆನಪಿರಲಿ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್. 1 ಜಿಬಿ ಫೈಲ್ ಇಳಿಯಲು ಕನಿಷ್ಠ 80 ಸೆಕೆಂಡ್ ಬೇಕೇ ಬೇಕು.

ಜಿಟರ್ ಎಂದರೆ ಲೇಟೆನ್ಸಿಯ ಏರಿಳಿತ. ಪ್ಯಾಕೆಟ್ ಲಾಸ್ ಎಂದರೆ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳ ಶೇಕಡಾವಾರು ಪ್ರಮಾಣ.

ಹಂತ 2: ವೈಫೈ ಬದಿಗಿಡಿ, ಕೇಬಲ್ ಹಾಕಿ

ವೈಫೈ ಮೇಲೆ ಮಾಡಿದ ಯಾವ ಪರೀಕ್ಷೆಯೂ ಕಂಪನಿಯ ಲೈನ್ ಬಗ್ಗೆ ಖಚಿತವಾಗಿ ಏನೂ ಹೇಳುವುದಿಲ್ಲ. ಲ್ಯಾಪ್‌ಟಾಪನ್ನು ರೂಟರ್‌ಗೆ ಕ್ಯಾಟ್ 5ಇ ಅಥವಾ ಅದಕ್ಕಿಂತ ಉತ್ತಮ ಕೇಬಲ್‌ನಿಂದ ಜೋಡಿಸಿ, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 1000ದ ಬದಲು 100 ಎಂದು ಬಂದರೆ ತಪ್ಪು ಬಹುಪಾಲು ಕೇಬಲ್‌ನದ್ದೇ. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಎಂಟರಲ್ಲಿ ಒಂದು ತಂತಿ ಕನೆಕ್ಟರ್‌ನಲ್ಲಿ ಸಡಿಲವಾಗಿದ್ದರೂ ವೇಗ ಸದ್ದಿಲ್ಲದೆ ಹತ್ತನೇ ಒಂದು ಭಾಗಕ್ಕೆ ಇಳಿಯಬಹುದು. 300 ಎಂಬಿಪಿಎಸ್ ಪ್ಯಾಕೇಜಿಗೆ ದುಡ್ಡು ಕೊಟ್ಟು 94 ಪಡೆಯುತ್ತಿರುವವರು ಮೊದಲು ಇದನ್ನು ನೋಡಬೇಕು.

ಫೈಬರ್ ಸಂಪರ್ಕವಾದರೆ ಗೋಡೆಯ ಪೆಟ್ಟಿಗೆಯ ಆಡಳಿತ ಪುಟದಲ್ಲಿ ಒಳಬರುವ ಬೆಳಕಿನ ಮಟ್ಟ ಕಾಣುತ್ತದೆ. ಜಿಪಾನ್ ಎಂಬ ಬಗೆಯ ಫೈಬರ್ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಬಳಸುವ ಉಪಕರಣಗಳಿಗೆ ಅದು −8 ಮತ್ತು −27 ಡಿಬಿಎಂ ನಡುವೆ ಇರಬೇಕು. ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ಕೆಳಗಿಳಿದಷ್ಟೂ ಬಲ ಕಡಿಮೆ. −26, −27 ಎಂದರೆ ಅಂಚಿನಲ್ಲಿದೆ ಎಂದರ್ಥ. ಮೂರು ಡೆಸಿಬಲ್ ಇಳಿದರೆ ಬೆಳಕು ಅರ್ಧವಾದಂತೆ. ಬಾಗಿಲ ಸಂದಿಯಲ್ಲಿ ನುಲಿದ ಕೇಬಲ್, ಧೂಳು ಹಿಡಿದ ಕನೆಕ್ಟರ್ ಇಷ್ಟನ್ನು ಸುಲಭವಾಗಿ ನುಂಗುತ್ತವೆ.

ಹಂತ 3: ಮೂರು ಕಡೆಗೆ ಪಿಂಗ್

ಪಿಂಗ್ 1983ರಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ. ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಿ, ಉತ್ತರ ಮರಳಲು ಹಿಡಿದ ಸಮಯವನ್ನು ತೋರಿಸುತ್ತದೆ. ಇಂದಿಗೂ ಇದಕ್ಕಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಆಜ್ಞೆ, ವಿಳಾಸ, ನಂತರ ಹೈಫನ್ ಹಚ್ಚಿದ ಎನ್ ಅಕ್ಷರ, 100 ಎಂದು ಕೊಡಿ. ಮ್ಯಾಕ್, ಲಿನಕ್ಸ್‌ಗಳಲ್ಲಿ ಎನ್ ಬದಲು ಸಿ. ವಿಂಡೋಸ್ ತಾನಾಗಿ ಕಳಿಸುವುದು ನಾಲ್ಕೇ ಪಿಂಗ್. ನಾಲ್ಕರಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಮೊದಲು ಸ್ವಂತ ರೂಟರ್‌ಗೆ, ಅಂದರೆ ಹೆಚ್ಚಾಗಿ 192.168.1.1 ಅಥವಾ 192.168.0.1ಕ್ಕೆ. ಕೇಬಲ್ ಮೇಲೆ ಇದು 1 ಮಿಲಿಸೆಕೆಂಡ್‌ನ ಆಸುಪಾಸು ಇರಬೇಕು, ಲಾಸ್ ಸೊನ್ನೆ. ಇಲ್ಲೇ ಕಳೆದುಹೋಗುತ್ತಿದ್ದರೆ ಕಂಪನಿಗೆ ಫೋನ್ ಮಾಡಿ ಫಲವಿಲ್ಲ. ಎರಡನೆಯದು ರೂಟರ್ ದಾಟಿದ ಮೇಲಿನ ಮೊದಲ ನಿಲ್ದಾಣ. ಅದರ ವಿಳಾಸ, ದಾರಿಯ ನಿಲ್ದಾಣಗಳನ್ನು ಒಂದೊಂದು ಸಾಲಿನಲ್ಲಿ ತೋರಿಸುವ ಟ್ರೇಸ್‌ರೂಟ್ ಆಜ್ಞೆಯ (ವಿಂಡೋಸ್‌ನಲ್ಲಿ tracert) ಎರಡನೇ ಸಾಲಿನಲ್ಲಿ ಸಿಗುತ್ತದೆ. ಮೂರನೆಯದು ಗೂಗಲ್‌ನ 8.8.8.8ರಂಥ ಹೊರಗಿನ ವಿಳಾಸ. ತೊಂದರೆ ಯಾವ ಎರಡರ ನಡುವೆ ಶುರುವಾಗುತ್ತದೋ ಅಲ್ಲೇ ಹುಡುಕಬೇಕು.

ಎಷ್ಟಿದ್ದರೆ ಒಳ್ಳೆಯದು? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈಗೆ ಕೇಬಲ್ ದಾರಿ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಡುವಿನ ಉಪಕರಣಗಳನ್ನು ಸೇರಿಸಿ 20–30 ಆದರೆ ಸಹಜ. ನ್ಯೂಜೆರ್ಸಿಯಲ್ಲಿರುವ ಮಗಳ ಜೊತೆ ಮಾತಾಡುವಾಗ ನೇರ ದೂರಕ್ಕೇ 130 ಮಿಲಿಸೆಕೆಂಡ್ ದಾಟುತ್ತದೆ, ಸಮುದ್ರದಡಿಯ ಸುತ್ತುದಾರಿಯಲ್ಲಿ 200ಕ್ಕೂ ಹೆಚ್ಚು. ಇದನ್ನು ಯಾವ ಪ್ಯಾಕೇಜೂ ಇಳಿಸಲಾರದು. ಸಮಾಧಾನದ ಸಂಗತಿ ಎಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಪ್ರಕಾರ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್‌ವರೆಗೂ ಸಂಭಾಷಣೆ ಸರಾಗವಾಗಿಯೇ ನಡೆಯುತ್ತದೆ. ತಡ ಸ್ಥಿರವಾಗಿದ್ದರೆ ಕಿವಿಗೆ ಒಗ್ಗುತ್ತದೆ. 30, 180, 45, 220 ಎಂದು ಕುಣಿಯುತ್ತಿದ್ದರೆ ಮಾತು ಒಡೆಯುತ್ತದೆ. ಅದಕ್ಕೇ ಸರಾಸರಿಗಿಂತ ಕನಿಷ್ಠ ಮತ್ತು ಗರಿಷ್ಠದ ಅಂತರ ಮುಖ್ಯ.

ಲಾಸ್ ವಿಷಯದಲ್ಲಿ ಶೇ 1 ಅಂದರೆ ಅಲ್ಪವಲ್ಲವೇ ಎನಿಸಬಹುದು. ಅಲ್ಲ. ಪ್ಯಾಕೆಟ್ ಕಳೆದಾಗಲೆಲ್ಲ ದಾರಿ ಕಿಕ್ಕಿರಿದಿದೆ ಎಂದು ಭಾವಿಸಿ, ದತ್ತಾಂಶ ಸಾಗಿಸುವ ಟಿಸಿಪಿ ಎಂಬ ನಿಯಮಾವಳಿ ತನ್ನ ವೇಗ ತಗ್ಗಿಸುತ್ತದೆ. ಹಳೆಯ ರೆನೋ ಮಾದರಿಯ ಟಿಸಿಪಿಗೆ 1997ರಲ್ಲಿ ಕಟ್ಟಿದ ಸೂತ್ರದ ಲೆಕ್ಕದಲ್ಲಿ 50 ಮಿಲಿಸೆಕೆಂಡ್ ಲೇಟೆನ್ಸಿ, ಶೇ 1 ಲಾಸ್ ಇದ್ದರೆ ಒಂದು ಡೌನ್‌ಲೋಡ್‌ಗೆ ಸಿಗುವುದು 3 ಎಂಬಿಪಿಎಸ್‌ಗೂ ಕಡಿಮೆ. ಪ್ಯಾಕೇಜ್ 100 ಇರಲಿ, 1000 ಇರಲಿ, ಅಷ್ಟೇ. ಹೊಸ ಮಾದರಿಗಳು ಇದಕ್ಕಿಂತ ಚೆನ್ನಾಗಿ ನಿಭಾಯಿಸುತ್ತವೆ, ಆದರೂ ಕೇಬಲ್ ಸಂಪರ್ಕದಲ್ಲಿ ಶೇ 1 ಲಾಸ್ ಕಂಡರೆ ದೂರು ಕೊಡಲು ಅದೊಂದೇ ಸಾಕು.

ಟ್ರೇಸ್‌ರೂಟ್ ಓದುವಾಗ ಒಂದು ಎಚ್ಚರಿಕೆ. ನಡುವಿನ ಒಂದು ಸಾಲಿನಲ್ಲಿ ನಕ್ಷತ್ರ ಚಿಹ್ನೆ ಅಥವಾ 300 ಮಿಲಿಸೆಕೆಂಡ್ ಕಂಡು, ಮುಂದಿನ ಸಾಲುಗಳು 25ಕ್ಕೆ ಮರಳಿದರೆ ಅಲ್ಲಿ ದೋಷವಿಲ್ಲ. ಆ ರೂಟರ್ ಇಂಥ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡಿರುತ್ತದೆ, ನಿಮ್ಮ ದತ್ತಾಂಶವನ್ನು ಮಾತ್ರ ಸರಿಯಾಗಿಯೇ ಸಾಗಿಸುತ್ತಿರುತ್ತದೆ. ಏರಿದ ಅಂಕಿ ಕೊನೆಯ ಸಾಲಿನವರೆಗೂ ಏರಿಯೇ ಉಳಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 4: ಹೊರೆ ಹೊರಿಸಿ ಮತ್ತೆ ಪಿಂಗ್

ಇಡೀ ಲೇಖನದಲ್ಲಿ ಒಂದೇ ಪರೀಕ್ಷೆ ಮಾಡಲು ಬಿಡುವಿದ್ದರೆ ಇದನ್ನು ಮಾಡಿ. 8.8.8.8ಕ್ಕೆ ಪಿಂಗ್ ಓಡುತ್ತಿರಲಿ. ಅದೇ ಹೊತ್ತಿಗೆ ಮೊಬೈಲ್‌ನಿಂದ ದೊಡ್ಡ ವಿಡಿಯೊ ಒಂದನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಿ. 20 ಇದ್ದದ್ದು 40 ಆದರೆ ಚಿಂತೆ ಬೇಡ. 400, 800 ಆಯಿತೇ? ಕಾಲ್ ಕೆಡಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದಂತೆ. ಇದರ ಹೆಸರು ಬಫರ್‌ಬ್ಲೋಟ್. ಹೆಸರಿಟ್ಟವರು ಜಿಮ್ ಗೆಟ್ಟಿಸ್, 2010ರಲ್ಲಿ.

ಆಗುವುದು ಇಷ್ಟು. ರೂಟರ್ ಅಥವಾ ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯಲು ಬಫರ್ ಎಂಬ ಜಾಗ ಇರುತ್ತದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್, ಬಫರ್ 1 ಮೆಗಾಬೈಟ್ ಎಂದುಕೊಳ್ಳಿ. ಬಫರ್ ತುಂಬಿದರೆ ಅದರಲ್ಲಿ 8 ಮೆಗಾಬಿಟ್ ಇದೆ, ಖಾಲಿಯಾಗಲು 0.8 ಸೆಕೆಂಡ್ ಬೇಕು. ಫೋಟೊ ಬ್ಯಾಕಪ್‌ನ ಪ್ಯಾಕೆಟ್‌ಗಳು ಆ ಸರದಿಯನ್ನು ತುಂಬಿಬಿಟ್ಟರೆ ನಿಮ್ಮ ಮಾತಿನ ಪುಟ್ಟ ಪ್ಯಾಕೆಟ್ ಪ್ರತಿ ಬಾರಿಯೂ ಅವುಗಳ ಹಿಂದೆ 800 ಮಿಲಿಸೆಕೆಂಡ್ ನಿಲ್ಲಬೇಕು. ಪ್ಯಾಕೆಟ್ ಬಿದ್ದುಹೋಗಿದ್ದರೆ ಟಿಸಿಪಿಗೆ ದಟ್ಟಣೆಯ ಸುಳಿವು ಸಿಗುತ್ತಿತ್ತು. ಬಫರ್ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಆ ಸುಳಿವೂ ತಡವಾಗುತ್ತದೆ. ಸುಳಿವಿಗೆ ಬೆಲೆ ಕೊಡದ ಜಾಲದ ಗತಿ ಏನೆಂಬುದು 1986ರ ಅಕ್ಟೋಬರ್‌ನಲ್ಲೇ ತಿಳಿದಿತ್ತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ಅಲ್ಲಿನ ಥ್ರೂಪುಟ್ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಟಿಸಿಪಿಗೆ ವೇಗ ತಗ್ಗಿಸುವುದನ್ನು ಕಲಿಸಿದ್ದು ಆ ಕುಸಿತವನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್ಸನ್. ಬಫರ್‌ಬ್ಲೋಟ್‌ಗೆ ಮದ್ದಾದ ಕೋಡೆಲ್ ವಿಧಾನವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಪ್ರಕಟಿಸಿದವರೂ ಅವರೇ.

ಪರಿಹಾರ ಹೀಗೆ. ರೂಟರ್ ಸೆಟ್ಟಿಂಗ್‌ನಲ್ಲಿ ಎಸ್‌ಕ್ಯೂಎಂ, ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಎಂಬ, ಸರದಿಯನ್ನು ನಿಭಾಯಿಸುವ ಆಯ್ಕೆ ಇದೆಯೇ ನೋಡಿ. ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಓಡುವ ರೂಟರ್‌ಗಳಿಗೆ ಇದನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಕೇಬಲ್ ಮೇಲೆ ನಾಲ್ಕಾರು ಬಾರಿ ಅಳೆದ ವೇಗದ ಶೇ 90ನ್ನು ಮಿತಿಯಾಗಿ ಕೊಡಿ: ಡೌನ್‌ಲೋಡ್ ಅಳತೆ 100, ಅಪ್‌ಲೋಡ್ 20 ಇದ್ದರೆ 90 ಮತ್ತು 18. ವೇಗವನ್ನು ಬೇಕೆಂದೇ ಕಳೆದುಕೊಳ್ಳುವುದೇಕೆ? ಸರದಿ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯದೆ, ಅದನ್ನು ಆಳಬಲ್ಲ ನಿಮ್ಮ ರೂಟರ್‌ನಲ್ಲೇ ನಿಲ್ಲಲಿ ಎಂದು. ಅಲ್ಲಿ ಪ್ರತಿ ಸಂಪರ್ಕಕ್ಕೂ ಬೇರೆ ಸರದಿ ಸಿಗುತ್ತದೆ, ಮಾತಿನ ಪ್ಯಾಕೆಟ್ ಬ್ಯಾಕಪ್‌ನ ಹಿಂದೆ ನಿಲ್ಲಬೇಕಿಲ್ಲ. ನಂತರ ಅದೇ ಪರೀಕ್ಷೆ ಮಾಡಿ. ಪಿಂಗ್ ಇನ್ನೂ ಜಿಗಿಯುತ್ತಿದ್ದರೆ ಮಿತಿಯನ್ನು ಶೇ 85ಕ್ಕೆ ಇಳಿಸಿ. ಅಗ್ಗದ ರೂಟರ್‌ನ ಪ್ರೊಸೆಸರ್‌ಗೆ ಈ ಕೆಲಸ ಭಾರವಾಗಿ ಒಟ್ಟು ವೇಗವೇ ಬಿದ್ದರೆ, ಅಪ್‌ಲೋಡ್‌ಗೆ ಮಾತ್ರ ಮಿತಿ ಹಾಕಿ. ಮನೆಗಳಲ್ಲಿ ಹೆಚ್ಚು ಕಾಡುವುದು ಆ ದಿಕ್ಕೇ. ಇಂಥ ಆಯ್ಕೆಯೇ ಇಲ್ಲದ ರೂಟರ್ ಆದರೆ ಬ್ಯಾಕಪ್ ಆ್ಯಪ್‌ನಲ್ಲೇ ವೇಗದ ಮಿತಿ ಹಾಕಿ, ಅಥವಾ ರಾತ್ರಿಗೆ ನಿಗದಿ ಮಾಡಿ.

ಕ್ಯೂಒಎಸ್ ಎಂಬ ಗುಂಡಿ ಒತ್ತಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಇದೆ. ಅದು ಇರುವ ವೇಗವನ್ನು ಯಾರಿಗೆ ಮೊದಲು ಕೊಡಬೇಕೆಂದು ನಿರ್ಧರಿಸುತ್ತದೆ, ಅಷ್ಟೇ.

ಹಂತ 5: ಈಗ ವೈಫೈ

ಕೇಬಲ್ ಮೇಲೆ ಎಲ್ಲ ಚೆನ್ನಾಗಿದ್ದು ವೈಫೈನಲ್ಲಿ ಕೆಟ್ಟರೆ ದೋಷ ಮನೆಯ ಗಾಳಿಯಲ್ಲಿದೆ. ಕಾಲ್ ಮಾಡುವ ಜಾಗದಲ್ಲಿ ಸಿಗ್ನಲ್ −67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮ ಇರಬೇಕು. −80 ಆದರೆ ಗೋಳು. ಕರಾವಳಿಯ ಹಳೆ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಚೆನ್ನಾಗಿಯೇ ತಡೆಯುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಗೋಡೆಗಿಂತ ನೆರೆಯವರ ರೂಟರ್‌ಗಳೇ ಅಡ್ಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11 ಮೂರೇ. ಖಾಲಿ ಕಂಡಿತೆಂದು 3 ಅಥವಾ 8ಕ್ಕೆ ಹಾಕಿದರೆ ಎರಡು ಕಡೆಯವರಿಗೂ ತೊಂದರೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. ಕಾಲ್, ಟಿವಿಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸಿ. ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಪ್ಯಾಕೆಟನ್ನೂ ಎರಡು ಬಾರಿ ಗಾಳಿಗೆ ಬಿಡುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಅದರ ಬದಲು ಕೇಬಲ್ ಎಳೆದು ಎರಡನೇ ಆಕ್ಸೆಸ್ ಪಾಯಿಂಟ್ ಹಾಕುವುದೇ ಮೇಲು.

ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೇ ನಿಂತರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅನುಮಾನಿಸಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಸಂಪರ್ಕದಲ್ಲಿ ಪ್ಯಾಕೆಟ್ ಗಾತ್ರದ ಮಿತಿ ಸಾಮಾನ್ಯವಾಗಿ 1500 ಅಲ್ಲ, 1492 ಬೈಟ್. ರೂಟರ್‌ನಲ್ಲಿ ಅದನ್ನೇ ನಮೂದಿಸಿ.

ಕಚೇರಿ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ

ಸ್ವಿಚ್, ರೂಟರ್‌ಗಳ ಲೆಕ್ಕವನ್ನು ಎಸ್‌ಎನ್‌ಎಂಪಿ (ಉಪಕರಣಗಳಿಂದ ಅಂಕಿಅಂಶ ಕೇಳಿ ಪಡೆಯುವ ವಿಧಾನ) ಮೂಲಕ ಪಡೆದು ಗ್ರಾಫ್ ಬರೆಯುವ ಲಿಬ್ರೆಎನ್‌ಎಂಎಸ್, ಜ್ಯಾಬಿಕ್ಸ್‌ನಂಥ ಉಚಿತ ತಂತ್ರಾಂಶಗಳಿವೆ. ಮೂರು ಕಡೆ ಎಡವುತ್ತಾರೆ. ಮೊದಲನೆಯದು, ಸಾಗಿದ ಬೈಟ್‌ಗಳನ್ನು ಎಣಿಸುವ 32 ಬಿಟ್ ಕೌಂಟರ್. 1 ಗಿಗಾಬಿಟ್ ಪೋರ್ಟ್ ಪೂರ್ತಿ ತುಂಬಿ ಓಡಿದರೆ ಇದು 34 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಐದು ನಿಮಿಷಕ್ಕೊಮ್ಮೆ ಓದಿದರೆ ಗ್ರಾಫ್ ಶುದ್ಧ ಸುಳ್ಳು. ಎಸ್‌ಎನ್‌ಎಂಪಿ 2ಸಿ ಅಥವಾ 3ನೇ ಆವೃತ್ತಿ ಬಳಸಿ 64 ಬಿಟ್ ಕೌಂಟರ್ ಓದಿ.

ಎರಡನೆಯದು, ಸರಾಸರಿಯ ಮೋಸ. ಐದು ನಿಮಿಷದ ಸರಾಸರಿ ಶೇ 40 ತೋರಿಸುವಾಗಲೂ ಅದರೊಳಗೆ ಒಂದು ನಿಮಿಷ ಶೇ 100 ಇದ್ದಿರಬಹುದು. ಬಳಕೆ ಏರಿದಂತೆ ಕಾಯುವಿಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸರದಿ ಸಿದ್ಧಾಂತದ ಸರಳ ಮಾದರಿಯಲ್ಲಿ, ಶೇ 50 ಬಳಕೆಗೆ ತಡ ಎರಡು ಪಟ್ಟು, 80ಕ್ಕೆ ಐದು, 90ಕ್ಕೆ ಹತ್ತು, 95ಕ್ಕೆ ಇಪ್ಪತ್ತು ಪಟ್ಟು. ಎಚ್ಚರಿಕೆ ಗಂಟೆಯನ್ನು 95ಕ್ಕಲ್ಲ, 70ಕ್ಕೆ ಕಟ್ಟಿ.

ಮೂರನೆಯದು, ಎರರ್ ಕೌಂಟರ್‌ಗಳನ್ನು ನೋಡದಿರುವುದು. ಒಂದು ತುದಿಯನ್ನು 100 ಫುಲ್ ಡ್ಯೂಪ್ಲೆಕ್ಸ್ ಎಂದು ಕಟ್ಟಿಹಾಕಿ ಇನ್ನೊಂದನ್ನು ಆಟೋದಲ್ಲಿ ಬಿಟ್ಟರೆ ಆ ಇನ್ನೊಂದು ತುದಿ ಒಮ್ಮೆಗೆ ಒಂದೇ ದಿಕ್ಕಿನಲ್ಲಿ ಸಾಗಿಸುವ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿಯುತ್ತದೆ. ಪಿಂಗ್ ಚೆನ್ನಾಗಿಯೇ ಕಾಣುತ್ತದೆ, ಫೈಲ್ ಕಾಪಿ ಮಾತ್ರ ತೆವಳುತ್ತದೆ. ಲೇಟ್ ಕೊಲಿಶನ್ ಎಂಬ ಸಂಖ್ಯೆ ಏರುತ್ತಿದ್ದರೆ ಎರಡೂ ತುದಿಗಳನ್ನು ಆಟೋಗೆ ಹಾಕಿ.

ಕಂಪನಿಗೆ ದೂರು ಕೊಡುವಾಗ ನೆಟ್ ಸ್ಲೋ ಎಂದು ಬರೆಯಬೇಡಿ. ದಿನಾಂಕ, ಗಂಟೆ, ಕೇಬಲ್ ಮೇಲೆ ಮಾಡಿದ ಪರೀಕ್ಷೆ ಎಂಬ ಸ್ಪಷ್ಟನೆ, ಮೂರೂ ವಿಳಾಸಗಳ 100 ಪಿಂಗ್‌ನ ಫಲಿತಾಂಶ, ಫೈಬರ್ ಬೆಳಕಿನ ಮಟ್ಟ ಇವಿಷ್ಟನ್ನೂ ಹಾಕಿ. ಬೆಳಿಗ್ಗೆ 7ಕ್ಕೆ, ರಾತ್ರಿ 9ಕ್ಕೆ ಎಂದು ಮೂರು ದಿನ ಅಳೆದ ಅಂಕಿಗಳನ್ನು ಜೊತೆಗಿಡಿ. ರೂಟರ್‌ವರೆಗೆ ಲಾಸ್ ಸೊನ್ನೆ ಇದ್ದು, ರಾತ್ರಿ ಮಾತ್ರ ಎರಡನೇ ನಿಲ್ದಾಣದಿಂದ ಮುಂದೆ ಶೇ 3 ಲಾಸ್ ಕಾಣುತ್ತಿದ್ದರೆ ದಟ್ಟಣೆ ಕಂಪನಿಯ ಕಡೆಯದ್ದು. ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಅಂಥ ದೂರಿಗೆ ಸಾಲದು.