ನಿಜ ಸಾಹಿತಿಯನ್ನು ಪತ್ತೇದಾರನನ್ನಾಗಿ ಮಾಡುವ ಮುನ್ನ

ಮೊದಲು ಇಸವಿ ಗಟ್ಟಿಮಾಡಿಕೊಳ್ಳಿ, ಕೊಲೆ ಆಮೇಲೆ. ತೀರ್ಥಹಳ್ಳಿ ಸೀಮೆಯ ಕಥೆಗೆ ಕುವೆಂಪು ಅವರನ್ನು ತರುತ್ತೀರಿ ಎನ್ನಿ. 1929ರಲ್ಲೇ ಅವರು ಮೈಸೂರಿನಲ್ಲಿ ಅಧ್ಯಾಪಕರಾದರು. ಕುಪ್ಪಳಿಗೆ ಕರೆಸಲು ರಜೆಯೇ ಬೇಕು. ಜುಲೈ ಮಳೆಯಲ್ಲಿ ಹೆಣ ಬಿದ್ದರೆ ಪತ್ತೇದಾರ ಊರಲ್ಲೇ ಇಲ್ಲ! ಈ ಅಡಚಣೆಯನ್ನೇ ಕಥೆ ಮಾಡಿಕೊಳ್ಳಿ: ಸಾವು ಮಳೆಗಾಲದ್ದು, ಪತ್ತೆ ದಸರಾ ರಜೆಯಲ್ಲಿ. ಅಷ್ಟರಲ್ಲಿ ಹೆಜ್ಜೆಗುರುತೆಲ್ಲ ಕೊಚ್ಚಿಹೋಗಿ, ಉಳಿದದ್ದು ಬಾಯಿಮಾತು ಮತ್ತು ಪಟೇಲರು ಬರೆಸಿದ ಪಂಚನಾಮೆ.

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ತಿಂಗಳು, ಸಾಹಿತಿ ಎಲ್ಲಿದ್ದರು, ತೋಟದಲ್ಲಿ ಏನು ಕೆಲಸ. ಎರಡನೆಯದನ್ನು ಆತ್ಮಕಥೆ, ಪತ್ರಗಳಿಂದ ತುಂಬಿ. ಖಾಲಿ ಉಳಿದ ತಿಂಗಳಲ್ಲಿ ಮಾತ್ರ ನಿಮ್ಮ ಕಲ್ಪನೆ ಕಾಲಿಡಲಿ.

ಸುಳಿವು ಸಿಗುವುದು ಮೂರನೆಯ ಕಾಲಮ್ಮಿನಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ಬೋರ್ಡೋ ದ್ರಾವಣ ಹೊಡೆಯುವುದು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ಬಂದದ್ದು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ ಅವರ ಪ್ರಯೋಗಗಳಿಂದ, 1910ರ ಆಸುಪಾಸಿನ ನಂತರ. 1890ರ ಕಥೆಯಲ್ಲಿ ಅಡಿಕೆ ಮರ ಹತ್ತುವ ಕೊನೆಗಾರನ ಅಂಗೈ ನೀಲಿಯಾಗಿದ್ದರೆ ಮಲೆನಾಡಿನ ಓದುಗರ ಕೈಗೆ ಸಿಕ್ಕಿಬಿದ್ದಿರೆಂದೇ ಲೆಕ್ಕ. ಮೈಲುತುತ್ತವನ್ನೇ ವಿಷ ಮಾಡುವ ಆಸೆ ಬರುತ್ತದೆ, ಬೇಡ. ಅದಕ್ಕೆ ಎದ್ದು ಕಾಣುವ ಬಣ್ಣವಿದೆ, ಲೋಹದ ರುಚಿಯಿದೆ, ನುಂಗಿದರೆ ವಾಂತಿಯಾಗುತ್ತದೆ; ಗುಟ್ಟಿನ ಕೊಲೆಗೆ ಒದಗದು. ಸುಳಿವಾಗಿ ಮಾತ್ರ ಬಲು ಸೊಗಸು: ಮಳೆ ಹೊಳವಾದ ದಿನ ತೋಟಕ್ಕೇ ಇಳಿದಿಲ್ಲ ಎಂದವನ ಪಂಚೆಯಲ್ಲಿ ನೀಲಿ ಕಲೆ.

ಆರೋಪಿ ಓಡಬೇಕಾದರೆ ಆಗುಂಬೆ ಘಾಟಿ ಇಳಿಸಿ. ಕೆಳಗಿನ ಸೋಮೇಶ್ವರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರಿನ ಪೊಲೀಸರು ಬೆನ್ನುಹತ್ತಿ ಹೋದರೂ ಅಲ್ಲಿ ಅವರದೇ ದರ್ಬಾರು ನಡೆಯದು. ಆ ಗಡಿ ಅಳಿದದ್ದು 1956ರ ನವೆಂಬರ್ 1ಕ್ಕೆ. ಆಗ ತಾಲೂಕಿಗೆ ಅಮಲ್ದಾರರು (ಈಗಿನ ತಹಶೀಲ್ದಾರರು), ರೂಪಾಯಿಗೆ 16 ಆಣೆ. ನಯಾಪೈಸೆ ಬಂದದ್ದು 1957ರಲ್ಲಿ.

ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ಸಂಭಾಷಣೆಯಲ್ಲಿ. ಸಾಹಿತಿ ಬಾಯಿ ತೆರೆದರೆ ಕವಿತೆಯೇ ಉದುರುತ್ತದೆ. ಊರವರಿಗೆ ಕುವೆಂಪು ಬರೀ ಪುಟ್ಟಪ್ಪ. ಮಳೆ, ದನ, ಅಡಿಕೆ ಧಾರಣೆಯ ಮಾತಾಡಲಿ. ಪದ್ಯದ ಸಾಲು ಬೇಕೇಬೇಕೆಂದರೆ ಹಕ್ಕುದಾರರ ಅನುಮತಿ ಪಡೆಯಿರಿ: ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ, ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054 ಮುಗಿಯುವವರೆಗೆ.

ಕೊಲೆಗಾರನ ಮನೆತನ ಪೂರ್ತಿ ಕಟ್ಟುಕಥೆಯೇ ಆಗಿರಲಿ. ತೀರಿಹೋದವರ ಮೇಲೆ ಅಪವಾದ ಹೊರಿಸಿ ಕುಟುಂಬದವರ ಮನಸ್ಸು ನೋಯಿಸಲೆಂದೇ ಬರೆದರೆ ಅದೂ ಮಾನನಷ್ಟವಾಗಬಹುದು. ಮಲೆನಾಡಲ್ಲಿ ಒಂಟಿಮನೆಗೂ ಹೆಸರಿರುತ್ತದೆ; ನೀವಿಟ್ಟ ಹೆಸರನ್ನು ಆ ಸುತ್ತಿನ ಇಬ್ಬರು ಹಿರಿಯರ ಹತ್ತಿರ ಕೇಳಿ ನೋಡಿ. ಅಂಥ ಮನೆಯಿದ್ದರೆ ಹೆಸರು ಬದಲಿಸಿ.