ಕ್ಯೂಆರ್ ದುಡ್ಡಿಗೆ ಬೇರೆ ಖಾತೆ, ಬೇರೆ ಫೋನ್: ನನ್ನ ಅನುಭವ

ಗಲ್ಲಾಕ್ಕೆ ಅಂತಲೇ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ, ಅದಕ್ಕೆ ಅಂತಲೇ ಒಂದು ಹಳೇ ಫೋನ್ ಇಟ್ಟಾಗ ನಮ್ಮ ಬೀದಿಯವರೆಲ್ಲ ನಕ್ಕಿದ್ದರು. ಮೊಳೆ ಮಾರುವವನಿಗೆ ಎರಡೆರಡು ಬ್ಯಾಂಕ್ ಯಾಕೆ ಅಂತ ಪಕ್ಕದ ಪೇಂಟ್ ಅಂಗಡಿಯಣ್ಣ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಈಗ ಎರಡು ವರ್ಷದ ಮೇಲಾಗಿದೆ. ತಿಂಗಳಿಗೆ ನಾಲ್ಕೈದು ಲಕ್ಷ ಕ್ಯೂಆರ್‌ನಲ್ಲೇ ಬರುತ್ತದೆ. ಮೋಸಕ್ಕೆ ಹೋದದ್ದು ಸೊನ್ನೆ. ಒಮ್ಮೆ ಖಾತೆಗೆ ಲೀನ್ ಬಿತ್ತು, ಅಂದರೆ ಒಂದಿಷ್ಟು ಹಣ ತೆಗೆಯಲು ಬಾರದಂತೆ ಬ್ಯಾಂಕ್ ತಡೆಹಿಡಿಯಿತು, ಅದನ್ನೂ ಬಿಡಿಸಿಕೊಂಡೆ. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಯಿತು, ಒಂದೇ ಸಲ ಬರೆದುಬಿಡುತ್ತೇನೆ.

ನಮ್ಮದು ತಿಪಟೂರಿನಲ್ಲಿ ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿ. ಪೈಪು, ಮೋಟರು, ತಾಮ್ರದ ವೈರು. ಕೊಬ್ಬರಿ ಹರಾಜಿನ ದಿನ ಅಂಗಡಿ ತುಂಬಿರುತ್ತದೆ. ಮೋಸ ಮಾಡುವವನಿಗೂ ಅಂಥ ದಿನವೇ ಬೇಕು. ಅವನು ಕೇಳುವುದು ಯಾವಾಗಲೂ ವೈರ್ ಕಾಯಿಲು ಅಥವಾ ಮೋಟರು. ಹೊರಗೆ ಹೋದ ಕೂಡಲೇ ಮಾರಿ ದುಡ್ಡು ಮಾಡಿಕೊಳ್ಳಬಹುದಲ್ಲ, ಅದಕ್ಕೆ. ಸಿಮೆಂಟಿಗೆ ಯಾರೂ ಮೋಸ ಮಾಡಿದ್ದು ನಾನು ನೋಡಿಲ್ಲ, ಹೊರಲು ಕಷ್ಟ.

ಮೊದಲು ಮಾಡಿ ಬಿಟ್ಟದ್ದನ್ನು ಹೇಳುತ್ತೇನೆ. ಗಿರಾಕಿಯ ಫೋನಿನಲ್ಲಿ ಹಸಿರು ಟಿಕ್ ನೋಡಿ ಸಾಮಾನು ಕೊಡುವುದು, ಅದು ಕೆಲಸಕ್ಕೆ ಬಾರದ್ದು. ಹಸಿರು ಟಿಕ್ ತೋರಿಸುವುದಕ್ಕೇ ನಕಲಿ ಆ್ಯಪ್‌ಗಳಿವೆ, ನಮ್ಮ ಅಂಗಡಿ ಹೆಸರು ಹಾಕಿದರೆ ಅದೇ ಹೆಸರು ಬರುತ್ತದೆ. ಆಮೇಲೆ ಬ್ಯಾಂಕಿನ ಎಸ್‌ಎಂಎಸ್ ನಂಬಿದೆವು. ಅದು ಹರಾಜಿನ ದಿನವೇ ತಡವಾಗಿ ಬರುತ್ತದೆ, ಅದರ ಮೇಲೆ ಬ್ಯಾಂಕಿನದೇ ಮಾತಿನಲ್ಲಿ ಬರೆದ ಸುಳ್ಳು ಎಸ್‌ಎಂಎಸ್ ಕಳಿಸುವವರೂ ಇದ್ದಾರೆ. ಸೌಂಡ್‌ಬಾಕ್ಸ್ ತಂದೆ, ಬಾಡಿಗೆ ತಿಂಗಳಿಗೆ ನೂರು ಚಿಲ್ಲರೆ. ಪರವಾಗಿಲ್ಲ, ಆದರೆ ಪೈಪ್ ಕತ್ತರಿಸುವ ಮಿಷನ್ ಓಡುತ್ತಿದ್ದರೆ ಏನು ಕೇಳುತ್ತದೆ? ಇನ್ನೊಬ್ಬ 50 ಹಾಕಿದ್ದಕ್ಕೆ ಅದು ಕೂಗಿದರೆ ಇವನು "ನಂದೇ ಬಂತು" ಅನ್ನುತ್ತಾನೆ. ಕ್ಯೂಆರ್ ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸುವ ಕಥೆ ನಿಮಗೆಲ್ಲ ಗೊತ್ತೇ ಇದೆ. ನಾನು ಅದನ್ನು ಕೌಂಟರ್ ಗಾಜಿನ ಒಳಗಡೆ ಇಟ್ಟೆ, ಅಲ್ಲಿಗೆ ಅದು ಮುಗಿಯಿತು.

ಕೊನೆಗೆ ನಿಂತದ್ದು ಇದು. ಗಲ್ಲಾ ಫೋನಿನಲ್ಲಿ ವ್ಯಾಪಾರಿಗಳ ಆ್ಯಪ್ ಒಂದೇ, ಬರುವ ದುಡ್ಡನ್ನು ತೋರಿಸುವುದಕ್ಕೆ. ವಾಟ್ಸಾಪ್ ಇಲ್ಲ, ಮೇಲ್ ಇಲ್ಲ. ಆ ಸಿಮ್ ನಂಬರ್ ಬ್ಯಾಂಕ್ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಮದುವೆ ಕರೆಯೋಲೆ ಅಂತ ಎಪಿಕೆ (ತೆರೆದರೆ ಫೋನಿನಲ್ಲಿ ಕಳ್ಳ ಆ್ಯಪ್ ಕೂರಿಸುವ) ಫೈಲ್‌ಗಳು ವಾಟ್ಸಾಪ್‌ಗೆ ಬರುತ್ತವಲ್ಲ, ಅವು ಆ ಫೋನಿಗೆ ಬರುವ ದಾರಿಯೇ ಇಲ್ಲ. ಅದರಲ್ಲಿ ದುಡ್ಡು ಹೊರಗೆ ಕಳಿಸುವ ಪಿನ್ ಕೂಡ ಹಾಕಿಲ್ಲ, ಹುಡುಗರ ಕೈಗೆ ಕೊಟ್ಟರೂ ಭಯವಿಲ್ಲ. ಹುಡುಗರಿಗೆ ಒಂದೇ ನಿಯಮ: ನಮ್ಮ ಫೋನಿನ ಪಟ್ಟಿಯಲ್ಲಿ ಹೆಸರು, ಮೊತ್ತ ಎರಡೂ ಕಂಡರೆ ಸಾಮಾನು, ಇಲ್ಲದಿದ್ದರೆ "ಅಣ್ಣ, ಒಂದು ನಿಮಿಷ ಕೂತ್ಕೊಳ್ಳಿ". ನಕಲಿ ಆ್ಯಪ್‌ನವನು ಕೂರುವುದಿಲ್ಲ. ಅವನನ್ನು ಬೇಗ ಕಂಡುಹಿಡಿಯಲು ಹುಡುಗರಿಗೆ ಇನ್ನೊಂದು ಪ್ರಶ್ನೆ ಕಲಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಅವರೂ ಓದುತ್ತಾರೆ.

ರಾತ್ರಿ ಬಾಗಿಲು ಹಾಕಿದ ಮೇಲೆ ಆ ಫೋನ್ ಮನೆಗೆ ತರುತ್ತೇನೆ. ಕಂಪ್ಯೂಟರಿನಲ್ಲಿ ನೆಟ್‌ಬ್ಯಾಂಕಿಂಗ್ ತೆಗೆದು ಗಲ್ಲಾ ಖಾತೆಯಿಂದ ಅಂಗಡಿಯ ಮುಖ್ಯ ದೊಡ್ಡ ಖಾತೆಗೆ ನೆಫ್ಟ್ (ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ದುಡ್ಡು ಕಳಿಸುವುದು) ಮಾಡುತ್ತೇನೆ. 2019ರ ಡಿಸೆಂಬರ್‌ನಿಂದ ನೆಫ್ಟ್ ಇಪ್ಪತ್ನಾಲ್ಕು ಗಂಟೆಯೂ ಹೋಗುತ್ತದೆ, ಅದಿಲ್ಲದಿದ್ದರೆ ಈ ಲೆಕ್ಕ ಆಗುತ್ತಲೇ ಇರಲಿಲ್ಲ. ಗಲ್ಲಾದಲ್ಲಿ ಮಿನಿಮಮ್ ಬ್ಯಾಲೆನ್ಸ್ ಹತ್ತು ಸಾವಿರ ಬಿಟ್ಟರೆ ಜಾಸ್ತಿ ಇರುವುದಿಲ್ಲ. ಖರ್ಚು ಅಂದರೆ ಸಿಮ್ ರೀಚಾರ್ಜ್ ತಿಂಗಳಿಗೆ ಇನ್ನೂರರ ಹತ್ತಿರ, ಸೌಂಡ್‌ಬಾಕ್ಸ್ ನೂರು ಚಿಲ್ಲರೆ, ಮತ್ತೆ ಆ ಹತ್ತು ಸಾವಿರ ಸುಮ್ನೆ ಬಿದ್ದಿರುತ್ತದೆ. ಒಂದು ವೈರ್ ಕಾಯಿಲು ಹೋದರೆ ಎರಡು ಮೂರು ಸಾವಿರ ಹೋಯಿತು, ಲೆಕ್ಕ ನೀವೇ ಹಾಕಿ.

ಈಗ ಲೀನ್ ವಿಷಯ. ನಮ್ಮಂಥವರಿಗೆ ನಿಜವಾದ ಅಪಾಯ ದುಡ್ಡು ಬರದೇ ಇರುವುದಲ್ಲ, ಕಳ್ಳ ದುಡ್ಡು ಬರುವುದು. ಎಲ್ಲೋ ಯಾರಿಗೋ ಮೋಸ ಮಾಡಿದ ಹಣದಲ್ಲಿ ಒಬ್ಬ ಬಂದು ನಮ್ಮಲ್ಲಿ ಮೋಟರ್ ಕೊಂಡ. ಮೋಸ ಹೋದವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ಆ ಹಣ ಹೋದ ಜಾಡು ಹಿಡಿದು ಬೇರೆ ರಾಜ್ಯದ ಪೊಲೀಸರಿಂದ ನಮ್ಮ ಬ್ಯಾಂಕಿಗೆ ಪತ್ರ ಬಂತು, ಹದಿನೆಂಟು ಸಾವಿರ ಚಿಲ್ಲರೆಗೆ ಲೀನ್. ಬ್ಯಾಂಕಿನವರು "ಅಲ್ಲಿಗೇ ಮಾತಾಡಿ" ಅಂದರು. ಆ ಸಮಯದಲ್ಲಿ ದೊಡ್ಡ ಖಾತೆಗೆ ಏನೂ ಆಗಲಿಲ್ಲ, ಕಂಪನಿಗೆ ಕೊಡಬೇಕಿದ್ದ ಚೆಕ್ ಎಲ್ಲ ಪಾಸಾದವು. ಇದೇ ಥರ ಆದ ಇನ್ನೊಬ್ಬ ವ್ಯಾಪಾರಿಗೆ ಇದ್ದ ಒಂದೇ ಖಾತೆ ಪೂರ್ತಿ ಫ್ರೀಜ್ ಆಗಿ ಸಂಬಳ ಕೊಡಲು ಕೈಸಾಲ ಮಾಡಿದರು.

ಹಾಗಂತ ಎರಡು ಖಾತೆ ಇದ್ದರೆ ಸಾಕು ಅಂದುಕೊಳ್ಳಬೇಡಿ. ಜಾಡು ಹಿಡಿಯುವವರು ಎರಡನೇ ಖಾತೆಗೂ ಬರಬಹುದು. ನನ್ನನ್ನು ಬಿಡಿಸಿದ್ದು ಬಿಲ್. ಐದು ಸಾವಿರ ದಾಟಿದ ಪ್ರತಿ ಕ್ಯೂಆರ್ ವ್ಯಾಪಾರಕ್ಕೂ ಜಿಎಸ್‌ಟಿ ಬಿಲ್, ಬಿಲ್ ಮೇಲೆ ಹನ್ನೆರಡು ಅಂಕಿಯ ಯುಟಿಆರ್ (ಆ ಪಾವತಿಯ ಗುರುತಿನ ಸಂಖ್ಯೆ), ದುಡ್ಡು ಹಾಕಿದವನ ಹೆಸರು, ಸಾಮಾನು ಹೊತ್ತ ಗಾಡಿ ನಂಬರ್. ಬಿಲ್, ಸ್ಟಾಕ್ ಪುಸ್ತಕದ ಹಾಳೆ, ಸಿಸಿಟಿವಿ ತುಣುಕು, ಒಂದು ಪುಟದ ಪತ್ರ, ಇಷ್ಟನ್ನು ತನಿಖಾಧಿಕಾರಿಗೆ ಮೇಲ್ ಮಾಡಿದೆ, ರಿಜಿಸ್ಟರ್ಡ್ ಪೋಸ್ಟಲ್ಲೂ ಕಳಿಸಿದೆ. ಒಂದೂವರೆ ತಿಂಗಳ ಹತ್ತಿರ ಹಿಡಿಯಿತು, ಲೀನ್ ತೆಗೆದರು. ಸಿಸಿಟಿವಿ ಹದಿನೈದು ದಿನಕ್ಕೆ ಅಳಿಸಿಹೋಗುವಂತೆ ಇಟ್ಟಿದ್ದರೆ ಬದಲಾಯಿಸಿ, ಪತ್ರ ಬರುವ ಹೊತ್ತಿಗೆ ಅಷ್ಟು ದಿನ ಆಗಿರುತ್ತದೆ.

ಇದರಿಂದಲೇ ಇನ್ನೊಂದು ನಿಯಮ ಹುಟ್ಟಿತು. "ಯುಪಿಐ ಮಾಡ್ತೀನಿ, ಹತ್ತು ಸಾವಿರ ಕ್ಯಾಶ್ ಕೊಡಿ" ಅಂದರೆ ಕೊಡುವುದಿಲ್ಲ. ಗುರುತಿನವರಿಗೂ ಇಲ್ಲ. ಬೇಜಾರು ಮಾಡಿಕೊಂಡು ಹೋದವರಿದ್ದಾರೆ, ಎರಡು ಮೂರು ಒಳ್ಳೆಯ ಗಿರಾಕಿಗಳೂ ಹೋದರು. "ತಪ್ಪಾಗಿ ಜಾಸ್ತಿ ಹಾಕ್ಬಿಟ್ಟೆ, ಈ ನಂಬರಿಗೆ ವಾಪಸ್ ಹಾಕಿ" ಅನ್ನುವವರಿಗೂ ನಿಮ್ಮ ಬ್ಯಾಂಕಿಗೆ ಹೇಳಿ ಅನ್ನುತ್ತೇನೆ. ಸೈನ್ಯದವನು ಅಂತ ಹಿಂದಿಯಲ್ಲಿ ಮಾತಾಡಿ ಇಪ್ಪತ್ತು ಫ್ಯಾನ್ ಆರ್ಡರ್ ಕೊಟ್ಟವನೊಬ್ಬ "ಮೊದಲು ಪಿನ್ ಒತ್ತಿ ಒಂದು ರೂಪಾಯಿ ಕಳಿಸಿ, ಎರಡು ವಾಪಸ್ ಬರುತ್ತೆ" ಅಂದ. ದುಡ್ಡು ತೆಗೆದುಕೊಳ್ಳಲು ಪಿನ್ ಯಾಕೆ ಬೇಕು ಅಂತ ಕೇಳಿದೆ, ಲೈನ್ ಕಟ್.

ಯಾವುದು ಸುರಕ್ಷಿತ ಅಂತ ಕೇಳಿದರೆ ನನ್ನ ಲೆಕ್ಕ ಹೀಗಿದೆ. ದೊಡ್ಡ ಮೊತ್ತ ಬರುವುದಾದರೆ ಆರ್‌ಟಿಜಿಎಸ್, ಎರಡು ಲಕ್ಷದ ಮೇಲೆ. ಅದರ ಕೆಳಗೆ ನೆಫ್ಟ್. ಚಿಲ್ಲರೆ ವ್ಯಾಪಾರಕ್ಕೆ ಯುಪಿಐ ಸಾಕು. ಸ್ವೈಪ್ ಮಿಷನ್ ಸ್ವಲ್ಪ ದಿನ ಇಟ್ಟು ವಾಪಸ್ ಕೊಟ್ಟೆ. ಬಾಡಿಗೆ ಒಂದು ಕಡೆ, ಕ್ರೆಡಿಟ್ ಕಾರ್ಡಿಗೆ ನೂರಕ್ಕೆ ಎರಡರ ಹತ್ತಿರ ಕಡಿತ ಇನ್ನೊಂದು ಕಡೆ, ಸಾಮಾನು ಹೋದ ಮೇಲೆ ಗಿರಾಕಿ ತಕರಾರು ತೆಗೆದರೆ ನಮ್ಮ ದುಡ್ಡೇ ನಿಲ್ಲುತ್ತದೆ. ಕೊಳ್ಳುವವನಾಗಿ ಮಾತ್ರ ನನಗೆ ಅದೇ ಕ್ರೆಡಿಟ್ ಕಾರ್ಡ್ ಇಷ್ಟ, ತಕರಾರು ಮುಗಿಯುವ ತನಕ ಸಿಕ್ಕಿಬೀಳುವುದು ಬ್ಯಾಂಕಿನ ದುಡ್ಡು. ಡೆಬಿಟ್ ಕಾರ್ಡಿನಲ್ಲಿ ಆನ್‌ಲೈನ್, ವಿದೇಶ, ಟ್ಯಾಪ್ ಮೂರೂ ಆಫ್ ಮಾಡಿದ್ದೇನೆ. ಟ್ಯಾಪ್ ಆನ್ ಇದ್ದರೆ 5,000ದ ತನಕ ಪಿನ್ ಕೇಳುವುದಿಲ್ಲ, ಕಾರ್ಡ್ ಕಳೆದರೆ ಗೊತ್ತಲ್ಲ. ಟೀ, ಪೆಟ್ರೋಲಿಗೆ ಯುಪಿಐ ಲೈಟ್, ಅಂದರೆ ಮೊದಲೇ ಸ್ವಲ್ಪ ದುಡ್ಡು ತುಂಬಿಟ್ಟು ಸಣ್ಣ ಖರ್ಚಿಗೆ ಪಿನ್ ಇಲ್ಲದೆ ಕೊಡುವುದು. ಅದರಲ್ಲಿ 5,000ಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಹೋದರೂ ಅಷ್ಟೇ ಹೋಗುವುದು.

ಮನೆಯಲ್ಲೂ ಒಂದು ಪ್ರಯೋಗ ನಡೆಯಿತು. 2023ರಲ್ಲಿ ನೋಂದಣಿ ಪತ್ರಗಳಿಂದ ಬೆರಳಚ್ಚು ಕದ್ದು ಆಧಾರ್ ಮೂಲಕ ಖಾತೆ ಖಾಲಿ ಮಾಡುತ್ತಾರೆ ಅಂತ ಸುದ್ದಿಯಾಯಿತಲ್ಲ, ಆಗ ಅಪ್ಪ ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿದೆ. ಮುಂದಿನ ತಿಂಗಳು ಅಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಸಾಕಾಗಿ ಅಕ್ಕಿ ಇಲ್ಲದೆ ಮನೆಗೆ ಬಂದರು. ಈಗ ರೇಷನ್ ದಿನ ಬೆಳಿಗ್ಗೆ ನಾನೇ ಕೂತು ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡಿಕೊಡುತ್ತೇನೆ. ಬೈಗುಳ ಇನ್ನೂ ನಿಂತಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಬೋರ್ಡ್ ಹಾಕಿದರು. ನಮ್ಮ ಕಡೆಯೂ ಕೆಲವರು ಹಾಗೆ ಮಾಡಿದರು. ನಾನು ಮುಟ್ಟಲಿಲ್ಲ. ಗಲ್ಲಾ ಖಾತೆಯಲ್ಲಿ ವ್ಯಾಪಾರದ ದುಡ್ಡು ಬಿಟ್ಟರೆ ಭಾವಮೈದ ಕೊಟ್ಟ ಸಾಲ, ಚೀಟಿ ಹಣ ಯಾವುದೂ ಸೇರಿಲ್ಲ. ಆಡಿಟರ್‌ಗೆ ಸ್ಟೇಟ್‌ಮೆಂಟ್ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಇದನ್ನು ಯೋಚಿಸಿ ಮಾಡಿದ್ದಲ್ಲ, ಪುಕ್ಕಟೆ ಸಿಕ್ಕ ಲಾಭ.

ಇನ್ನು ಬಿಲ್ಲಿಗೊಂದು ಕ್ಯೂಆರ್ ಹಾಕಿಸುವ ಯೋಚನೆ ಇದೆ. ಮೊತ್ತ ಅದರಲ್ಲೇ ಬಂದುಬಿಡುತ್ತದೆ, ಯುಟಿಆರ್ ಕೈಯಲ್ಲಿ ಬರೆಯುವ ಕೆಲಸವೂ ತಪ್ಪುತ್ತದೆ. ಸಾಫ್ಟ್‌ವೇರ್‌ನವರು ವರ್ಷಕ್ಕೆ ಆರೇಳು ಸಾವಿರ ಹೇಳುತ್ತಿದ್ದಾರೆ. ಯಾರಾದರೂ ಹಾಕಿಸಿದ್ದರೆ, ಕರೆಂಟ್ ಹೋದಾಗ ಏನು ಮಾಡುತ್ತೀರಿ ಅಂತ ತಿಳಿಸಿ.